ಸಾಕ್ಷಿಯ ಎರಡನೆಯ ಮಾತು

ಸಾಕ್ಷಿದಾರನು ಒಮ್ಮೆ ನುಡಿದುದಕ್ಕೆ ಮತ್ತೊಮ್ಮೆ ಅರ್ಥ ಹೇಳಬಹುದೇ ಎಂಬ ಪ್ರಶ್ನೆಯು ಕೋರ್ಟುಕಚೇರಿಗಳಲ್ಲಿ ಹಳೆಯದು. ಅದರ ಉತ್ತರವೂ ಹಳೆಯದೇ. 1872ರ ಸಾಕ್ಷ್ಯದ ಕಾಯದೆಯ 138ನೆಯ ಕಲಮು ಇದನ್ನು ಕೆಲವೇ ವಾಕ್ಯಗಳಲ್ಲಿ ಇತ್ಯರ್ಥಪಡಿಸಿತು. ಮೊದಲು ಕರೆಯಿಸಿದವನ ವಿಚಾರಣೆ, ಅನಂತರ ಎದುರಾಳಿಯ ಪಾಟೀಸವಾಲು, ಕೊನೆಗೆ ಮರುವಿಚಾರಣೆ. ಈ ಮರುವಿಚಾರಣೆಯು ಪಾಟೀಸವಾಲಿನಲ್ಲಿ ಹೊರಬಿದ್ದ ಸಂಗತಿಗಳ ವಿವರಣೆಗೆ ಮಾತ್ರ ಮೀಸಲಾದುದು. ವಿವರಣೆಯ ನೆವದಿಂದ ಹೊಸ ಸಂಗತಿಯನ್ನು ಒಳತರಬೇಕಾದರೆ ನ್ಯಾಯಾಧೀಶರ ಅಪ್ಪಣೆ ಬೇಕು. ಅಪ್ಪಣೆ ದೊರೆತ ಕೂಡಲೆ ಎದುರಾಳಿಗೆ ಮತ್ತೆ ಪಾಟೀಸವಾಲು ಮಾಡುವ ಹಕ್ಕು ಹುಟ್ಟುವದು. 2024ರ ಜುಲೈ 1ರಿಂದ ಆ ಕಾಯದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವು ಬಂದಿದೆಯಾದರೂ ಈ ನಿಯಮವು ಕದಲಿಲ್ಲ. ವಿವರಣೆ ಬೇರೆ, ಹೊಸ ಜಬಾನಿ ಬೇರೆ. ಹೊಸ ಜಬಾನಿ ಕೊಟ್ಟವನು ಹೊಸದಾಗಿ ಪರೀಕ್ಷೆಗೆ ಒಳಗಾಗತಕ್ಕದ್ದು.

ಹತ್ತು ರೂಪಾಯಿಯ ಕೈಗಡದ ದಾವೆಯಲ್ಲಿಯೂ ನಡೆಯುವ ಈ ಶಿಸ್ತು ರಾಜ್ಯಗಳ ಹಣೆಬರಹವನ್ನು ನಿರ್ಣಯಿಸುವ ವಿಚಾರಣೆಗಳಲ್ಲಿ ಮಾತ್ರ ಕಾಣದಾಗುವದು ಏಕೆ? ಅಲ್ಲಿ ದೊಡ್ಡವರು ಒಂದು ದಿನ ಒಂದು ಮಾತನ್ನಾಡುವರು. ಮರುದಿನ ಅದಕ್ಕೆ 'ಸ್ಪಷ್ಟೀಕರಣ' ಹೊರಬೀಳುವದು. ಮೂರನೆಯ ದಿನ ಮೊದಲನೆಯ ಮಾತು ಯಾರಿಗೂ ನೆನಪಿರುವದಿಲ್ಲ.

ಪಾರ್ಲಿಮೆಂಟುಗಳ ತಾಯಿ ಎಂದು ತನ್ನನ್ನು ಕರೆದುಕೊಳ್ಳುವ ಇಂಗ್ಲಂಡದ ಪಾರ್ಲಿಮೆಂಟಿನಲ್ಲಿಯೇ ನಡೆದುದೊಂದನ್ನು ವಾಚಕರ ಮುಂದಿಡುವೆವು. 2020ರ ಏಪ್ರಿಲ್ 21ರಂದು ಅಲ್ಲಿಯ ವಿದೇಶಾಂಗ ಇಲಾಖೆಯ ಅತ್ಯುಚ್ಚ ನೌಕರರಾದ ಸರ್ ಸೈಮನ್ ಮೆಕ್‌ಡೊನಾಲ್ಡರು ಕಾಮನ್ಸ್ ಸಭೆಯ ವಿದೇಶಾಂಗ ಸಮಿತಿಯ ಮುಂದೆ ಸಾಕ್ಷ್ಯ ಕೊಟ್ಟರು. ಕೊರೋನಾ ಪಿಡುಗು ಏರುತ್ತಿದ್ದ ಕಾಲವದು. ಉಸಿರಾಟದ ಯಂತ್ರಗಳನ್ನು ಒಟ್ಟಾಗಿ ಕೊಳ್ಳುವ ಐರೋಪ್ಯ ಸಂಘದ ಯೋಜನೆಯಲ್ಲಿ ಬ್ರಿಟನ್ ಏಕೆ ಸೇರಲಿಲ್ಲವೆಂದು ಕೇಳಿದುದಕ್ಕೆ, ಅದು ರಾಜಕೀಯ ನಿರ್ಣಯವಾಗಿತ್ತು, ಮಂತ್ರಿಗಳಿಗೆ ವಿಷಯ ತಿಳಿಸಲಾಗಿತ್ತು ಎಂದು ಅವರು ನುಡಿದರು. ಅದೇ ದಿನ ಆರೋಗ್ಯಮಂತ್ರಿಗಳು ಹಾಗೇನೂ ಇಲ್ಲವೆಂದು ಸಾರಿದರು. ಸೂರ್ಯ ಮುಳುಗುವ ಹೊತ್ತಿಗೆ ಮೆಕ್‌ಡೊನಾಲ್ಡರ ಪತ್ರವೊಂದು ಸಮಿತಿಯ ಅಧ್ಯಕ್ಷರ ಕೈ ಸೇರಿತು: ತಿಳಿವಳಿಕೆಯ ತಪ್ಪಿನಿಂದ ತಾವು ಅರಿಯದೆ ಸಮಿತಿಗೆ ತಪ್ಪು ಹೇಳಿದುದಾಗಿಯೂ, ಈಗ ಅದನ್ನು ಸ್ಪಷ್ಟಪಡಿಸುತ್ತಿರುವದಾಗಿಯೂ.

ಅವರು ಮಧ್ಯಾಹ್ನ ನುಡಿದುದು ನಿಜವೋ ಸಂಜೆಗೆ ಬರೆದುದು ನಿಜವೋ ಎಂಬದನ್ನು ನಿರ್ಣಯಿಸಲು ನಾವು ಕುಳಿತಿಲ್ಲ. ಆದರೆ ಒಂದು ಮಾತು ಉಂಟು. ಮೊದಲನೆಯದನ್ನು ಪ್ರಶ್ನೆ ಕೇಳುವವರ ಮುಖದ ಮುಂದೆ ಆಡಿದರು; ಎರಡನೆಯದನ್ನು ಪ್ರಶ್ನೆ ಕೇಳುವವರಿಲ್ಲದ ಕೋಣೆಯಲ್ಲಿ ಬರೆದರು. ಎರಡಕ್ಕೂ ಒಂದೇ ತೂಕ ಕೊಡಲಾಗದು. ಎರಡು ವರುಷ ಕಳೆದ ಮೇಲೆ, 2022ರ ಜುಲೈ 5ರಂದು, ನಿವೃತ್ತರಾಗಿ ಲಾರ್ಡ್ ಪದವಿಗೇರಿದ್ದ ಅದೇ ಗೃಹಸ್ಥರು ಇನ್ನೊಂದು ಪತ್ರ ಬರೆದು ಅದನ್ನು ಬಹಿರಂಗಪಡಿಸಿದರು. ಪಿಂಚರ್ ಎಂಬ ಸದಸ್ಯನ ದುರ್ನಡತೆಯ ಬಗೆಗೆ ಪ್ರಧಾನಮಂತ್ರಿಗಳ ಕಚೇರಿಯು ಆಡುತ್ತಿರುವ ಮಾತು ಸತ್ಯವಲ್ಲ, 2019ರಲ್ಲಿಯೇ ದೂರು ಬಂದು ವಿಚಾರಣೆಯಾಗಿ ಅದು ಪ್ರಧಾನಮಂತ್ರಿಗಳಿಗೆ ಖುದ್ದಾಗಿ ತಿಳಿಸಲ್ಪಟ್ಟಿತ್ತು ಎಂಬದೇ ಆ ಪತ್ರದ ಸಾರ. ಎರಡು ದಿನಗಳಲ್ಲಿ ಪ್ರಧಾನಮಂತ್ರಿ ಜಾನ್ಸನ್ನರು ಅಧಿಕಾರ ಬಿಡುವದಾಗಿ ಸಾರಬೇಕಾಯಿತು. ಒಬ್ಬನೇ ಮನುಷ್ಯನ ಎರಡು ಸ್ಪಷ್ಟೀಕರಣಗಳು: ಹುದ್ದೆಯಲ್ಲಿದ್ದಾಗ ಬರೆದುದು ಮಂತ್ರಿಮಂಡಲಕ್ಕೆ ಹಿತವಾಯಿತು, ಹುದ್ದೆ ಬಿಟ್ಟ ಮೇಲೆ ಬರೆದುದು ಮಂತ್ರಿಮಂಡಲವನ್ನೇ ಅಲುಗಿಸಿತು. ಹುದ್ದೆಯಲ್ಲಿರುವವನ ಸ್ಪಷ್ಟೀಕರಣವನ್ನು ಓದುವಾಗ ಅದರಿಂದ ಯಾರಿಗೆ ಲಾಭವೆಂಬದನ್ನೂ ಓದಬೇಕಾಗುತ್ತದೆ.

ಇದಕ್ಕಿಂತ ಭೀಕರವಾದ ಉದಾಹರಣೆಯನ್ನು ಭಾರತೀಯರು ಮರೆಯುವಂತಿಲ್ಲ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ 1650 ಗುಂಡುಗಳನ್ನು ಹಾರಿಸಿದ ಜನರಲ್ ಡಾಯರನು ಅದೇ ನವೆಂಬರದಲ್ಲಿ ಲಾಹೋರದಲ್ಲಿ ಹಂಟರ್ ಸಮಿತಿಯ ಮುಂದೆ ಜಬಾನಿ ಕೊಟ್ಟನು. ಗುಂಡು ಹಾರಿಸದೆಯೂ ಜನರನ್ನು ಚದುರಿಸಬಹುದಾಗಿತ್ತು, ಆದರೆ ಅವರು ಮರಳಿ ಬಂದು ನಗುತ್ತಿದ್ದರು ಎಂದನು. ಮುಂಬಯಿಯ ಖ್ಯಾತ ವಕೀಲ ಸರ್ ಚಿಮಣಲಾಲ ಸೆಟಲವಾಡರು ಬಿಡದೆ ಕೇಳಿದಾಗ, ಓಣಿ ಅಗಲವಾಗಿದ್ದರೆ ಯಂತ್ರದ ಬಂದೂಕುಗಳನ್ನೂ ಬಹುಶಃ ಬಳಸುತ್ತಿದ್ದೆನೆಂದು ಒಪ್ಪಿಕೊಂಡನು. ಸರಕಾರದ ಲೆಕ್ಕದಂತೆಯೇ ಮಡಿದವರು 379. ಮುಂದೆ 1920ರ ಜುಲೈಯಲ್ಲಿ ಸೈನ್ಯಮಂಡಳಿಯ ಮುಂದೆ ಅವನದೊಂದು ಉದ್ದವಾದ ಲಿಖಿತ ಹೇಳಿಕೆ ಬಂದಿತು. ಅದರಲ್ಲಿ ನಗುವ ಮಾತು ಹಿಂದೆ ಸರಿದು, ಪಂಜಾಬವೆಲ್ಲ ದಂಗೆಯೆದ್ದಿತ್ತು, ತನ್ನ ದಂಡು ಅತ್ಯಲ್ಪವಾಗಿತ್ತು ಎಂಬ ಸೈನಿಕ ಕಾರಣಗಳು ಮುಂದಾಗಿ ನಿಂತವು. ನಾವು ವಕೀಲರು, ಕಕ್ಷಿದಾರನ ಬಾಯಿಂದ ಒಮ್ಮೆ ಬಿದ್ದುದನ್ನು ಕಾಗದದಲ್ಲಿ ಒರೆಸುವ ಪ್ರಯತ್ನವು ಹೇಗಿರುತ್ತದೆಂಬದನ್ನು ಬಲ್ಲೆವು. ಇತಿಹಾಸವು ಲಾಹೋರದ ಜಬಾನಿಯನ್ನೇ ನೆನಪಿನಲ್ಲಿರಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇದೆಲ್ಲವೂ ಗದಗ-ಬೆಟಗೇರಿಯ ವಾಚಕರಿಗೆ ಏಕೆಂದು ಕೇಳುವವರಿಗೆ ಹೇಳುವೆವು: ಕರ್ನಾಟಕದ ಏಕೀಕರಣದ ಇತಿಹಾಸವೆಂದರೆ ಬಹುಮಟ್ಟಿಗೆ ವಿಚಾರಣಾ ಸಮಿತಿಗಳ ಇತಿಹಾಸ, ಆ ಸಮಿತಿಗಳ ಮುಂದೆ ಕೊಟ್ಟ ಸಾಕ್ಷ್ಯದ ಇತಿಹಾಸ, ಮತ್ತು ಆ ಸಾಕ್ಷ್ಯಕ್ಕೆ ದೊಡ್ಡವರು ಅಂಟಿಸಿದ ಎರಡನೆಯ ಮಾತುಗಳ ಇತಿಹಾಸ.

ನಮ್ಮ ಈ ನಾಲ್ಕು ಊರುಗಳನ್ನೇ ನೋಡಬಹುದು. 1947ರ ನಕಾಶೆಯನ್ನು ಹಾಸಿದರೆ ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಹೆಯಲ್ಲಿ. ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿ. ಅದರ ಮಗ್ಗುಲಲ್ಲಿಯೇ ಇರುವ ಲಕ್ಷ್ಮೇಶ್ವರವು ಮೀರಜ ಸಂಸ್ಥಾನದಲ್ಲಿ. ಮುಂಡರಗಿಯಿಂದ ಕೊಂಚ ಮೂಡಲಿಗೆ ಸರಿದರೆ ಕೊಪ್ಪಳವು ನಿಜಾಮನ ರಾಜ್ಯದಲ್ಲಿ. ಮುಂಜಾನೆ ಗದಗ ಬಿಟ್ಟ ಹತ್ತಿಯ ಬಂಡಿಯು ಸಂಜೆಯೊಳಗೆ ಎರಡು ಸಂಸ್ಥಾನಗಳ ಗಡಿಯನ್ನು ತುಳಿಯುತ್ತಿತ್ತು. ಗದಗಿನ ರೈತನ ಕೊನೆಯ ಅಪೀಲು ಮುಂಬಯಿ ಹಾಯಕೋರ್ಟಿಗೆ, ಶಿರಹಟ್ಟಿಯವನ ಫಿರ್ಯಾದಿ ಸಾಂಗಲಿಗೆ, ಲಕ್ಷ್ಮೇಶ್ವರದವನ ಅರ್ಜಿ ಮೀರಜಕ್ಕೆ. ಮೂವರೂ ಮನೆಯಲ್ಲಿ ಆಡುವದು ಕನ್ನಡ, ಸಂತೆಯಲ್ಲಿ ಆಡುವದು ಕನ್ನಡ, ಮಗಳನ್ನು ಕೊಡುವದು ತರುವದು ಒಬ್ಬರೊಬ್ಬರ ಊರಿಗೆ. ಆದರೆ ದರಬಾರದ ಕಾಗದವು ಬರುವದು ಮರಾಠಿಯಲ್ಲಿ.

ಈ ಅನ್ಯಾಯದ ಆಳವನ್ನು ತೋರಿಸಲು ಸಾವಿರ ವರುಷದ ಹಿಂದಿನ ಸಾಕ್ಷಿಯೊಂದು ಉಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ಪ್ರದೇಶದ ನಾಲ್ಕು ಮೇರೆಗಳಲ್ಲಿ ಪುಲಿಗೆರೆಯೂ ಕೊಪಣವೂ ಸೇರಿವೆ. ಪುಲಿಗೆರೆಯೆಂದರೆ ಲಕ್ಷ್ಮೇಶ್ವರ, ಕೊಪಣವೆಂದರೆ ಕೊಪ್ಪಳ. ಆದಿಕವಿ ಪಂಪನು ತನ್ನ ಕಾವ್ಯಕ್ಕೆ ಆಧಾರವೆಂದು ಹೆಮ್ಮೆಯಿಂದ ಹೇಳಿಕೊಂಡುದೂ ಪುಲಿಗೆರೆಯ ತಿರುಳ್ಗನ್ನಡವನ್ನೇ. ಆ ಪುಲಿಗೆರೆಯ ಕರವನ್ನು ಮೀರಜದವರು ಎತ್ತುತ್ತಿದ್ದರು, ಕೊಪಣದ್ದನ್ನು ನಿಜಾಮನವರು ಎತ್ತುತ್ತಿದ್ದರು. ಕನ್ನಡನಾಡಿನ ಎದೆಯನ್ನೇ ಹೀಗೆ ಹಂಚಿಕೊಂಡಿದ್ದಾಗ 'ಕರ್ನಾಟಕವೆಲ್ಲಿದೆ?' ಎಂದು ಕೇಳುವ ಪಂಡಿತರೂ ಇದ್ದರು!

ಕರ್ನಾಟಕವೆಲ್ಲಿದೆ ಎಂಬದಕ್ಕೆ ಉತ್ತರವು ಮೊದಲ ಸಲ ಕ್ರಮಬದ್ಧವಾದ ಸಾಕ್ಷ್ಯದ ರೂಪದಲ್ಲಿ ಮುಂದೆ ಬಂದುದು 1928ರಲ್ಲಿ, ಮೋತೀಲಾಲ ನೆಹರೂ ಸಮಿತಿಯ ಎದುರಿಗೆ. ಅದಕ್ಕೆ ಭೂಮಿ ಹದವಾಗಿತ್ತು. 1920ರ ನಾಗಪುರ ಅಧಿವೇಶನವು ಕಾಂಗ್ರೆಸ್ಸಿನ ಪ್ರಾಂತಗಳನ್ನು ಭಾಷೆಯ ಮೇಲೆ ಕಟ್ಟಿತ್ತು; 1924ರ ಬೆಳಗಾವಿಯಲ್ಲಿ, ಮಹಾತ್ಮರ ಅಧ್ಯಕ್ಷತೆಯ ಅಧಿವೇಶನದ ಸಂದರ್ಭದಲ್ಲಿಯೇ, ಏಕೀಕರಣ ಪರಿಷತ್ತು ಕೂಡಿತ್ತು. ನಮ್ಮ ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರು ಬರೆದ ಗೀತವು ಅಲ್ಲಿ ಹಾಡಲ್ಪಟ್ಟುದನ್ನು ಈ ಭಾಗದವರಿಗೆ ನೆನಪಿಸಬೇಕಾಗಿಲ್ಲ. ಏಕೀಕರಣ ಸಂಘ ಹಾಗೂ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿಗಳ ಪ್ರತಿನಿಧಿಯು ನೆಹರೂ ಸಮಿತಿಯ ಮುಂದೆ ಇತಿಹಾಸ, ಸಂಸ್ಕೃತಿ, ಅಂಕಿಅಂಶಗಳ ರಾಶಿಯನ್ನೇ ಇಟ್ಟನು. ಸಮಿತಿಯು ಪ್ರಶ್ನೆಗಳನ್ನು ಕೇಳಿತು. ಎಲ್ಲ ಪ್ರಶ್ನೆಗಳಿಗೂ ಸಮಾಧಾನಕರವಾದ ಉತ್ತರ ಬಂದಿತೆಂದು, ಕರ್ನಾಟಕದ ಪಕ್ಷವು ಮೇಲ್ನೋಟಕ್ಕೆ ಬಲವಾಗಿದೆಯೆಂದು ತನ್ನ ವರದಿಯಲ್ಲಿ ಬರೆಯಿತು. ಪಾಟೀಸವಾಲಿನಲ್ಲಿ ನಿಂತ ಸಾಕ್ಷ್ಯವೆಂದರೆ ಇದು. ಮೈಸೂರು ಸಂಸ್ಥಾನದ ತೊಡಕನ್ನು ಸಮಿತಿಯು ಮರೆಮಾಚಲಿಲ್ಲ, ಅದನ್ನೂ ಬರೆದಿಟ್ಟಿತು. ಪ್ರಾಮಾಣಿಕ ವರದಿಯ ಲಕ್ಷಣವೇ ಅದು.

ಇಪ್ಪತ್ತು ವರುಷಗಳು ಕಳೆದವು. ಸ್ವಾತಂತ್ರ್ಯ ಬಂದಿತು. 1948ರಲ್ಲಿ ಸಾಂಗಲಿ, ಮೀರಜಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಶಿರಹಟ್ಟಿ, ಲಕ್ಷ್ಮೇಶ್ವರಗಳ ದರಬಾರದ ಕಾಲ ಮುಗಿಯಿತು. ಅದೇ ವರುಷದ ಜೂನ್ 17ರಂದು ಎಸ್. ಕೆ. ಧರ್ ಅವರ ಅಧ್ಯಕ್ಷತೆಯಲ್ಲಿ ಭಾಷಾವಾರು ಪ್ರಾಂತಗಳ ಆಯೋಗವು ನೇಮಕವಾಯಿತು. ಆಗ ಮುಂಡರಗಿಯಲ್ಲಿ ನಡೆಯುತ್ತಿದ್ದುದೇನು? ರಜಾಕಾರರ ಹಾವಳಿಗೆ ಬೇಸತ್ತು ನಿಜಾಮನ ಸೀಮೆಯಿಂದ ಬಂದ ತರುಣರು ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಅಲ್ಲಿ ಶಿಬಿರ ಹೂಡಿ ಪ್ರಾಣದ ಹಂಗು ತೊರೆದು ಗಡಿಯಾಚೆಗೆ ಹೋಗಿಬರುತ್ತಿದ್ದರು. ಕನ್ನಡ ಜನ ಒಂದಾಗಬೇಕೆಂಬದಕ್ಕೆ ಇದಕ್ಕಿಂತ ಬಲವಾದ ಜಬಾನಿ ಇರಲಾರದು. ಆದರೆ ಅದನ್ನು ಟಿಪ್ಪಣಿಸಿಕೊಳ್ಳುವ ಕಾರಕೂನ ಅಲ್ಲಿರಲಿಲ್ಲ.

ಧರ್ ಆಯೋಗವು 1948ರ ಡಿಸೆಂಬರ್ 10ರಂದು ವರದಿ ಕೊಟ್ಟು, ಕೇವಲ ಭಾಷೆಯ ಮೇಲೆ ಅಥವಾ ಮುಖ್ಯವಾಗಿ ಭಾಷೆಯ ಮೇಲೆ ಪ್ರಾಂತ ಕಟ್ಟುವದು ದೇಶಕ್ಕೆ ಹಿತವಲ್ಲವೆಂದಿತು. ಜನ ಕೆರಳಿದರು. ಆಗ ಜಯಪುರದ ಅಧಿವೇಶನವು ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿಯನ್ನು ನೇಮಿಸಿತು. 1949ರ ಏಪ್ರಿಲದಲ್ಲಿ ಹೊರಬಂದ ಆ ವರದಿಯಲ್ಲಿಯೇ ನಮ್ಮ ವಿಷಯದ ತಿರುಳು ಇರುವದು. ಕಾಂಗ್ರೆಸ್ಸು ಹಿಂದೆ ಭಾಷಾಪ್ರಾಂತಗಳ ತತ್ತ್ವಕ್ಕೆ ಮುದ್ರೆಯೊತ್ತಿದ್ದುದು ನಿಜ, ಆದರೆ ಆಗ ಅದನ್ನು ಆಚರಣೆಗೆ ತರುವ ಪ್ರಸಂಗ ಬಂದಿರಲಿಲ್ಲವಾದ್ದರಿಂದ ಅದರ ಎಲ್ಲ ಪರಿಣಾಮಗಳನ್ನು ಯೋಚಿಸಿರಲಿಲ್ಲ ಎಂದು ಅವರು ಬರೆದರು. ದೇಶದ ಭದ್ರತೆ, ಐಕ್ಯ, ಆರ್ಥಿಕ ಏಳ್ಗೆ ಇವೇ ಮೊದಲು ಎಂದರು.

ಈ ಮೂವರ ದೇಶಭಕ್ತಿಯನ್ನು ಶಂಕಿಸುವವನು ಮೂಢ. ದೇಶವು ಆಗತಾನೆ ಎರಡಾಗಿತ್ತು. ನಿರಾಶ್ರಿತರ ಕಣ್ಣೀರು ಆರಿರಲಿಲ್ಲ. ಅವರ ಅಂಜಿಕೆಗೆ ಕಾರಣವಿತ್ತು. ಆದರೂ ಸಾಕ್ಷ್ಯದ ನ್ಯಾಯವು ವ್ಯಕ್ತಿಯ ಮುಖ ನೋಡುವದಿಲ್ಲ. 'ಆಗ ಯೋಚಿಸಿರಲಿಲ್ಲ' ಎಂಬ ಸ್ಪಷ್ಟೀಕರಣವನ್ನು 1928ರ ವರದಿಯ ಪಕ್ಕದಲ್ಲಿಟ್ಟು ಓದಿರಿ. ಅಲ್ಲಿ ಹಣಕಾಸಿನ ಪ್ರಶ್ನೆ ಇದೆ, ಸಂಸ್ಥಾನಗಳ ಪ್ರಶ್ನೆ ಇದೆ, ಗಡಿಯ ಎರಡು ಭಾಷೆಗಳ ಪ್ರಶ್ನೆ ಇದೆ. ಯೋಚಿಸದೆ ಬರೆದ ವರದಿಯಲ್ಲಿ ಇವು ಬರುವದಿಲ್ಲ. ಹೀಗಾಗಿ 1949ರ ಮಾತು ಹಿಂದಿನ ಜಬಾನಿಯ ವಿವರಣೆಯಲ್ಲ. ಅದು ಹೊಸ ಜಬಾನಿ. ಹೊಸ ಜಬಾನಿಯಾದ ಮೇಲೆ ಕನ್ನಡಿಗರಿಗೆ ಮತ್ತೆ ಪಾಟೀಸವಾಲಿನ ಹಕ್ಕು ಹುಟ್ಟಿತು. ಮುಂದಿನ ಏಳು ವರುಷ ಅವರು ಮಾಡಿದುದು ಅದನ್ನೇ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು: ಜನರ ಭಾವನೆ ಬಲವಾಗಿ ಪಟ್ಟುಹಿಡಿದು ನಿಂತರೆ ಪ್ರಜಾಪ್ರಭುತ್ವವಾದಿಗಳಾದ ತಾವು ಅದಕ್ಕೆ ಮಣಿಯಲೇಬೇಕಾಗುವದು ಎಂದು. ಬಾಗಿಲನ್ನು ಮುಚ್ಚಿ ಅಗುಳಿ ಹಾಕದೆ ಬಿಟ್ಟಂತೆ.

ಆ ಬಾಗಿಲನ್ನು ತೆರೆಯಿಸಿದುದು ಮಾತ್ರ ಸಾಕ್ಷ್ಯವಲ್ಲ, ಉಪವಾಸ. 1952ರ ಡಿಸೆಂಬರದಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲಿಯೇ ಪ್ರಾಣಬಿಟ್ಟರು. 1953ರ ಅಕ್ಟೋಬರ್ 1ರಂದು ಆಂಧ್ರವಾಯಿತು. ನಮ್ಮಲ್ಲಿ ಅದೇ 1953ರಲ್ಲಿ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಅನ್ನ ಬಿಟ್ಟು ಕುಳಿತರು, ಹುಬ್ಬಳ್ಳಿಯು ಹೊತ್ತಿಕೊಂಡಿತು. ವರುಷದ ಕೊನೆಗೆ ಫಜಲ ಅಲಿ, ಹೃದಯನಾಥ ಕುಂಜರೂ, ಪಣಿಕ್ಕರ ಇವರ ರಾಜ್ಯ ಪುನರ್ವಿಂಗಡಣಾ ಆಯೋಗವು ಬಂದಿತು. ಅದರ ಮುಂದೆ ಬಂದ ಕಾಗದಪತ್ರಗಳು 1,52,250; ಅದು ಭೆಟ್ಟಿಯಾದ ಜನ 9,000ಕ್ಕೂ ಮೇಲು; ಸಂಚರಿಸಿದ ಸ್ಥಳಗಳು 104; ಕ್ರಮಿಸಿದ ದಾರಿ 38,000 ಮೈಲು. ಇಷ್ಟು ದೊಡ್ಡ ಸಾಕ್ಷ್ಯದ ಕಣವನ್ನು ಈ ದೇಶವು ಅಲ್ಲಿಯ ವರೆಗೆ ಕಂಡಿರಲಿಲ್ಲ.

ಅಲ್ಲಿ ನಮ್ಮವರೇ ನಮಗೆ ಎದುರಾಗಿ ನುಡಿದುದನ್ನು ಮುಚ್ಚಿಡುವದು ಸರಿಯಲ್ಲ. ಹಳೆಯ ಮೈಸೂರಿನ ಕೆಲವರು, ಹಿಂದುಳಿದ ಉತ್ತರದ ಜಿಲ್ಹೆಗಳನ್ನು ಕೂಡಿಸಿಕೊಂಡರೆ ತಮ್ಮ ಬೊಕ್ಕಸಕ್ಕೆ ಭಾರವಾದೀತೆಂದು, ಕನ್ನಡಿಗರಿಗೆ ಎರಡು ರಾಜ್ಯಗಳಿದ್ದರೂ ನಡೆದೀತೆಂದು ಹೇಳಿದರು. ಕೆಂಗಲ್ ಹನುಮಂತಯ್ಯನವರು ತಮ್ಮ ನಾಡಿನವರ ಈ ಅಳುಕನ್ನು ಎದುರಿಸಿ ಏಕೀಕರಣದ ಪಕ್ಷವನ್ನು ಹಿಡಿದುದು ಅವರ ಹಿರಿಮೆ. 1956ರ ನವೆಂಬರ್ 1ರ ತರುವಾಯ ಎರಡು ರಾಜ್ಯಗಳ ಮಾತನ್ನಾಡಿದವರೂ ಮೆರವಣಿಗೆಯಲ್ಲಿ ಮುಂದೆ ಕಾಣಿಸಿಕೊಂಡರು. ಸಂತೋಷವೇ ಸರಿ! ಆದರೆ ತಾವು ಹಿಂದೆ ಏನು ನುಡಿದಿದ್ದೆವು, ಏಕೆ ಮನಸ್ಸು ಬದಲಿಸಿದೆವು ಎಂಬದನ್ನು ಅವರು ಬರೆದಿಟ್ಟಿದ್ದರೆ ಉತ್ತರ-ದಕ್ಷಿಣಗಳ ನಡುವಿನ ಅನುಮಾನದ ಎಷ್ಟೋ ಪಾಲು ಅಂದೇ ಕರಗುತ್ತಿತ್ತು.

ಬಳ್ಳಾರಿಯ ಪ್ರಕರಣವು ಇನ್ನೂ ಬೋಧಪ್ರದವಾದುದು. 1953ರಲ್ಲಿ ನ್ಯಾಯಮೂರ್ತಿ ಮಿಶ್ರರು ಬಳ್ಳಾರಿ ತಾಲೂಕಿನ ಸಾಕ್ಷ್ಯವನ್ನೆಲ್ಲ ತೂಗಿ ಅದನ್ನು ಮೈಸೂರಿಗೆ ಕೊಟ್ಟರು. ಎರಡು ವರುಷಗಳಲ್ಲಿ ಫಜಲ ಅಲಿ ಆಯೋಗವು ತುಂಗಭದ್ರೆಯ ಅಣೆಕಟ್ಟಿನ ಕಾರಣ ಹೇಳಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಬರೆಯಿತು. ಕೊನೆಗೆ ಪಾರ್ಲಿಮೆಂಟು ಅವನ್ನು ನಮ್ಮಲ್ಲಿಯೇ ಉಳಿಸಿತು. ಕಾಸರಗೋಡಿಗೆ ಮಾತ್ರ ಆ ಭಾಗ್ಯವಿಲ್ಲವಾಯಿತು. 1966ರಲ್ಲಿ ಮಹಾರಾಷ್ಟ್ರದ ಒತ್ತಾಯದಿಂದಲೇ ನೇಮಕವಾದ ಮಹಾಜನ ಆಯೋಗವು 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗವು ಕರ್ನಾಟಕಕ್ಕೆ ಸೇರತಕ್ಕದ್ದೆಂದಿತು. ಬೆಳಗಾವಿಯು ಇದ್ದಲ್ಲಿಯೇ ಇರತಕ್ಕದ್ದೆಂದಿತು. 264 ಊರುಗಳನ್ನು ಮಹಾರಾಷ್ಟ್ರಕ್ಕೂ 247 ಊರುಗಳನ್ನು ನಮಗೂ ಸೂಚಿಸಿತು. ಆಯೋಗ ಬೇಕೆಂದು ಹಟ ಹಿಡಿದವರೇ ವರದಿ ಬಂದೊಡನೆ ಅದು ಬೇಡವೆಂದರು. 2004ರಲ್ಲಿ ಸುಪ್ರೀಂ ಕೋರ್ಟಿಗೂ ಹೋದರು. ಪಂಚನನ್ನು ತಾನೇ ಕರೆತಂದು, ತೀರ್ಪು ಕೇಳಿದ ಮೇಲೆ ಪಂಚನೇ ಸರಿಯಿಲ್ಲವೆನ್ನುವವನಿಗೆ ನಮ್ಮ ಹಳ್ಳಿಯ ಚಾವಡಿಯಲ್ಲಿ ಏನು ಹೇಳುವರೆಂಬದು ವಾಚಕರಿಗೆ ಗೊತ್ತು.

ಹಾಗಾದರೆ ಎರಡನೆಯ ಮಾತೇ ಕೂಡದೆ? ಹಾಗೆನ್ನಲಾಗದು. ನೆನಪು ತಪ್ಪುವದು, ಅಂಕಿ ತಪ್ಪುವದು ಮನುಷ್ಯಸಹಜ. ನಮ್ಮ ಲೋಕಸಭೆಯಲ್ಲಿಯೂ ಅಧ್ಯಕ್ಷರ ನಿರ್ದೇಶಗಳಲ್ಲಿ 115ನೆಯದು ಇದಕ್ಕಾಗಿಯೇ ಇದೆ: ಮಂತ್ರಿಯ ಅಥವಾ ಸದಸ್ಯನ ಹೇಳಿಕೆಯಲ್ಲಿ ತಪ್ಪಿದ್ದರೆ ಅದನ್ನು ಸಭೆಯ ಎದುರಿಗೇ ಎತ್ತಿ ತಿದ್ದುವ ದಾರಿ. 'ಸಭೆಯ ಎದುರಿಗೇ' ಎಂಬ ಮಾತೇ ಮುಖ್ಯವಾದುದು. 1958ರಲ್ಲಿ ಮುಂದ್ರಾ ಪ್ರಕರಣದ ವಿಚಾರಣೆಯನ್ನು ನ್ಯಾಯಮೂರ್ತಿ ಛಾಗಲಾ ಅವರು ನಡೆಸಿದ ರೀತಿಯನ್ನು ನೆನೆಯಿರಿ. ಜೀವವಿಮೆಯ ಸಂಸ್ಥೆಯ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಒಬ್ಬ ವ್ಯಾಪಾರಿಯ ಕಂಪನಿಗಳಲ್ಲಿ ತೊಡಗಿದ್ದುದರ ವಿಚಾರಣೆ ಅದು. ಗದಗಿನ ಅಪೀಲುಗಳು ಎಷ್ಟೋ ವರುಷ ಹೋಗುತ್ತಿದ್ದ ಮುಂಬಯಿ ಹಾಯಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಅವರು ಬಾಗಿಲು ತೆರೆದಿಟ್ಟು, ಹೊರಗಿನ ಜನಕ್ಕೂ ಕೇಳಿಸುವಂತೆ ಧ್ವನಿವರ್ಧಕ ಹಾಕಿಸಿ, ಮಂತ್ರಿಯ ಮಾತನ್ನೂ ಕಾರ್ಯದರ್ಶಿಯ ಮಾತನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದರು. ಅರ್ಥಮಂತ್ರಿ ಕೃಷ್ಣಮಾಚಾರಿಯವರು ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟರು. ಪಾರ್ಲಿಮೆಂಟಿನ ಮುಂದೆ ಎಲ್ಲ ಸಂಗತಿಗಳನ್ನೂ ಮೊದಲೇ ಇಡತಕ್ಕದ್ದೆಂದು ಛಾಗಲಾ ಅವರು ಬರೆದರು.

ನಮ್ಮ ಬೇಡಿಕೆಯೂ ಅಷ್ಟೇ. ಮೊದಲನೆಯ ಜಬಾನಿಯನ್ನು ಅಳಿಸದೆ, ಅದರ ಪಕ್ಕದಲ್ಲಿಯೇ ಎರಡನೆಯದನ್ನು ಅಚ್ಚು ಹಾಕಲಿ. ತಪ್ಪು ಯಾವುದು, ತಿಳಿದುದು ಯಾವಾಗ, ತಿದ್ದಲು ಹೇಳಿದವರು ಯಾರು ಎಂಬದು ಅದರಲ್ಲಿರಲಿ. ತಿದ್ದಿದವನು ಮತ್ತೆ ಕಟಕಟೆಗೆ ಬರಲಿ. ಇದನ್ನು ಡೆಲ್ಲಿಗೆ ಹೇಳುವ ಮೊದಲು ಬೆಂಗಳೂರಿಗೆ ಹೇಳಬೇಕಾಗಿದೆ. ಧರ್ ಆಯೋಗದ, ಫಜಲ ಅಲಿ ಆಯೋಗದ, ಮಹಾಜನ ಆಯೋಗದ ಮುಂದೆ ಕನ್ನಡಿಗರು ಸಲ್ಲಿಸಿದ ನಿವೇದನಗಳನ್ನೂ ಕೊಟ್ಟ ಜಬಾನಿಗಳನ್ನೂ ಒಂದೆಡೆ ಕಲೆಹಾಕಿ, ನಮ್ಮವರಲ್ಲಿ ವಿರೋಧವಾಗಿ ನುಡಿದವರ ಮಾತುಗಳನ್ನೂ ಬಿಡದೆ, ಕನ್ನಡದಲ್ಲಿ ಅಚ್ಚು ಹಾಕಿಸುವ ಕೆಲಸವನ್ನು ಸರಕಾರವು ಕೈಕೊಳ್ಳಲಿ. 1997ರಲ್ಲಿ ಗದಗ ಜಿಲ್ಹೆಯಾಯಿತು; ಈಚೆಗೆ ಲಕ್ಷ್ಮೇಶ್ವರವು ತಾಲೂಕಾಯಿತು; ಒಮ್ಮೆ ಮೂರು ಸರಕಾರಗಳಲ್ಲಿ ಹಂಚಿಹೋಗಿದ್ದ ನಾಲ್ಕು ಊರುಗಳೂ ಒಂದೇ ಜಿಲ್ಹಾ ಕಚೇರಿಯ ಅಡಿಯಲ್ಲಿವೆ. ಆ ಕಾಲದ ನಗರಸಭೆಯ ಠರಾವು, ವಾಚನಾಲಯದ ನಿವೇದನ, ವಕೀಲರ ಸಂಘದ ಮನವಿ, ವ್ಯಾಪಾರಸ್ಥರ ಅರ್ಜಿ ಇವುಗಳ ನಕಲು ಯಾರ ಮನೆಯ ಅಟ್ಟದ ಮೇಲಾದರೂ ಉಳಿದಿದ್ದರೆ, ಗೆದ್ದಲು ಹತ್ತುವ ಮೊದಲು ಅದನ್ನು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಒಪ್ಪಿಸಬೇಕೆಂದು ಶಿರಹಟ್ಟಿ, ಮುಂಡರಗಿಗಳ ಹಿರಿಯ ಮನೆತನದವರನ್ನು ವಿಶೇಷವಾಗಿ ಕೇಳಿಕೊಳ್ಳುವೆವು.